13 ಡಿಗ್ರಿಯ ನೆಲದಿಂದ ಬಿಸಿ ಬರುತ್ತದೆಯೇ?

ಪ್ರಶ್ನೆ: ಮಗಳು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಕಟ್ಟಡಗಳನ್ನು ಬೆಚ್ಚಗಿಡಲು ಅಲ್ಲಿ ನೂರಾರು ಬೋರ್ ಕೊರೆದಿದ್ದಾರಂತೆ. ಕೆಳಗಿರುವುದೋ 13–14 ಡಿಗ್ರಿಯ ತಣ್ಣನೆಯ ನೆಲ. ಇದು ಕಣ್ಕಟ್ಟಲ್ಲವೇ?

ಉತ್ತರ: ಫ್ರಿಜ್‌ನ ಹಿಂಬದಿಗೆ ಕೈಯೊಡ್ಡಿ ನೋಡಿ. ಆ ಬಿಸಿಯ ಬಹುಪಾಲು ಒಳಗಿನ ಹಾಲು, ತರಕಾರಿಗಳಿಂದ ಹೀರಿದ್ದು. ಬೋರ್‌ಗೆ ಜೋಡಿಸುವ ಹೀಟ್ ಪಂಪ್ ಎಂಬ ಯಂತ್ರ ಮಾಡುವುದೂ ಇದನ್ನೇ: ಒಂದು ಯೂನಿಟ್ ವಿದ್ಯುತ್ ತಿಂದು, ಉಳಿದದ್ದನ್ನು ನೆಲದಿಂದ ಹೀರಿ, ಮೂರು ಯೂನಿಟ್‌ನಷ್ಟು ಶಾಖ ಕೊಡುತ್ತದೆ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ‘ಭೂಗರ್ಭದ ಕುದಿಯುವ ಶಾಖ’ ಎಂದು ಭಾಷಣ ಬಿಗಿಯುವವರೇ ಈ ಗೊಂದಲಕ್ಕೆ ಕಾರಣ. ಪ್ರಿನ್ಸ್‌ಟನ್‌ನ ಬೋರ್‌ಗಳ ಆಳ 600ರಿಂದ 850 ಅಡಿ. ಕೋಲಾರದ ರೈತ ಇದಕ್ಕಿಂತ ಆಳಕ್ಕೆ ಹೋಗಿದ್ದಾನೆ. ನೀರನ್ನು ಮೇಲೆತ್ತುವುದೂ ಇಲ್ಲ, ಮುಚ್ಚಿದ ಕೊಳವೆಯೊಳಗೆ ಅದೇ ನೀರು ಸುತ್ತುತ್ತದೆ. ಬೇಸಿಗೆಯಲ್ಲಿ ಕಟ್ಟಡಗಳ ಸೆಕೆಯನ್ನು ನೆಲಕ್ಕಿಳಿಸಿ, ಚಳಿಗಾಲದಲ್ಲಿ ಮೇಲಕ್ಕೆ ತರುತ್ತಾರೆ. ನೆಲದಡಿ ಕಾಳು ತುಂಬಿಡುತ್ತಿದ್ದ ನಮ್ಮ ಹಳೆಯ ಹಗೇವಿನ ಲೆಕ್ಕವೇ. ತುಂಬದೆ ತೆಗೆಯುತ್ತಲೇ ಇದ್ದರೆ ನೆಲ ವರ್ಷದಿಂದ ವರ್ಷಕ್ಕೆ ತಣ್ಣಗಾಗುತ್ತದೆ.

ಬೋರ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಕೊಳವೆಮಾರ್ಗದ ಸುದ್ದಿ ಯಾರೂ ಎತ್ತುವುದಿಲ್ಲ. ಹಳೆಯ ಕ್ಯಾಂಪಸ್‌ಗಳು ಬೆಚ್ಚಗಿರುವುದು ಬಾಯ್ಲರ್‌ನ ಹಬೆಯಿಂದ. ಹೀಟ್ ಪಂಪ್‌ಗೆ ಸಲೀಸಾಗಿ ಒದಗುವುದು ಬಿಸಿನೀರು, ಹಬೆಯಲ್ಲ. ಹಾಗಾಗಿ ರಸ್ತೆ ಅಗೆದು ಹಬೆಯ ಕೊಳವೆಗಳ ಬದಲು ಬಿಸಿನೀರಿನವನ್ನು ಹಾಕಬೇಕು, ಕಟ್ಟಡದೊಳಗಿನ ಸಲಕರಣೆಯನ್ನೂ ಹೊಂದಿಸಬೇಕು. ಪ್ರಿನ್ಸ್‌ಟನ್ ಆ ಕೆಲಸಕ್ಕೂ ಕೈಹಾಕಿದೆ. ಅದನ್ನು ಬಿಟ್ಟು ಬರೀ ಬೋರ್ ಕೊರೆಸುವ ಯೋಜನೆಗೆ ನಾನು ಸಹಿ ಹಾಕುವುದಿಲ್ಲ. ಒಂದು ಪರೀಕ್ಷಾ ಬೋರ್‌ಗೆ ಎರಡು ದಿನ ಬಿಸಿನೀರು ಹರಿಸಿ ನೆಲ ಎಷ್ಟು ಶಾಖ ಹೀರುತ್ತದೆಂದು ಅಳೆಯದೆಯೂ ಹಾಕುವುದಿಲ್ಲ. ಕೊಳವೆಯ ಸುತ್ತಲಿನ ಗಾರೆಯನ್ನು ತಳದಿಂದ ಮೇಲಕ್ಕೆ ತುಂಬಬೇಕು. ಒಬ್ಬ ಗುತ್ತಿಗೆದಾರ ಬೋರ್‌ನ ಬಾಯಿಂದಲೇ ಬಕೆಟ್‌ನಲ್ಲಿ ಸುರಿಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ನಡುವೆ ಗಾಳಿ ಉಳಿದರೆ ಆ ಬೋರ್ ದಂಡ.

ಮಗಳಿಗೆ ಒಂದು ಮಾತು ಹೇಳಿ: ಪ್ರಯೋಗಾಲಯದಲ್ಲಿ ರಾಸಾಯನಿಕಗಳ ಹೊಗೆಯನ್ನು ಹೊರಗೆಳೆಯುವ ಗೂಡಿನ (ಫ್ಯೂಮ್ ಹುಡ್) ಗಾಜನ್ನು ಇಳಿಸಿಯೇ ಮನೆಗೆ ಹೋಗಲಿ. ಅದು ತೆರೆದಿದ್ದರೆ, ಅಷ್ಟು ಖರ್ಚು ಮಾಡಿ ಬೆಚ್ಚಗಾಗಿಸಿದ ಗಾಳಿ ರಾತ್ರಿಯಿಡೀ ಚಾವಣಿಯಿಂದ ಹೊರಗೆ ಹೋಗುತ್ತಿರುತ್ತದೆ.

ಪ್ರಶ್ನೆ: ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲೂ ಇದೇ ಅಲ್ಲವೇ?

ಉತ್ತರ: ಅಲ್ಲ. ಅಲ್ಲಿ 2022ರಲ್ಲಿ ಸುಮಾರು 3 ಕಿ.ಮೀ. ಆಳಕ್ಕೆ ಪರೀಕ್ಷಾ ಬಾವಿ ಕೊರೆದದ್ದು ನಿಜವಾಗಿಯೂ ಬಿಸಿಯಾದ ಬಂಡೆಯನ್ನು ಹುಡುಕಿ.

ಪ್ರಶ್ನೆ: ಕೊರೆದರೆ ಭೂಕಂಪವಾಗುತ್ತದಂತೆ?

ಉತ್ತರ: 2017ರಲ್ಲಿ ದಕ್ಷಿಣ ಕೊರಿಯದ ಪೋಹಾಂಗ್‌ನಲ್ಲಿ ಆಯಿತು. ಅದು ಕಿಲೋಮೀಟರ್‌ಗಟ್ಟಲೆ ಆಳಕ್ಕೆ ಒತ್ತಡದಿಂದ ನೀರು ನುಗ್ಗಿಸಿದ್ದರ ಫಲ. ಮುಚ್ಚಿದ ಕೊಳವೆಗೆ ಆ ಆರೋಪ ಹೊರಿಸಬೇಡಿ.

ಪ್ರಶ್ನೆ: ಬೆಂಗಳೂರಿನ ನಮ್ಮ ಸಂಸ್ಥೆಗೂ ಹಾಕಿಸಬಹುದೇ?

ಉತ್ತರ: ಡಿಸೆಂಬರ್‌ಗೆ ಒಂದು ಸ್ವೆಟರ್ ಸಾಕು.

ಪ್ರಶ್ನೆ: ನೀರು ತೋರಿಸುವವರು ತೆಂಗಿನಕಾಯಿ ಹಿಡಿದು ಶಾಖವಿರುವ ಜಾಗವನ್ನೂ ಹೇಳುತ್ತಾರೆಯೇ?

ಉತ್ತರ: ಹೇಳುತ್ತಾರೆ, ದುಡ್ಡನ್ನೂ ತೆಗೆದುಕೊಳ್ಳುತ್ತಾರೆ.