ಮೂರು ತಿಂಗಳ ದೊರೆ, ಸವೆದ ಬೆಳ್ಳಿ: ನಾಣ್ಯಪ್ರಿಯರ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದಿದ್ದು ರೋಮನ್ನರ ಬೆಳ್ಳಿ ನಾಣ್ಯ ಡಿನೇರಿಯಸ್ ಬಗ್ಗೆ, ಅದ್ರಲ್ಲೂ ತುಂಬಾ ಕಡಿಮೆ ಕಾಲ ಆಳಿದ ಚಕ್ರವರ್ತಿಗಳ ಬಗ್ಗೆ, ಹಾಗಾಗಿ ಪೂರ್ತಿ ಅಂಕಣ ಅದಕ್ಕೇ ಇಟ್ಟಿದೀನಿ.

ಪ್ರಶ್ನೆ: ಸರ್ ನಮಸ್ಕಾರ, ಕೆಲಸದ ಮೇಲೆ ಜರ್ಮನಿಗೆ ಬಂದ್ಮೇಲೆ ಈ ಹವ್ಯಾಸ ಅಂಟಿಕೊಂಡಿದೆ. ಕ್ರಿ.ಶ. 69ರ ಒಂದೇ ವರ್ಷದಲ್ಲಿ ಒಬ್ಬರಾದ ಮೇಲೆ ಒಬ್ಬರು ಆಳಿದ ನಾಲ್ಕು ರೋಮನ್ ಚಕ್ರವರ್ತಿಗಳ ಸೆಟ್ ಮಾಡ್ತಾ ಇದೀನಿ, ಗಾಲ್ಬಾ, ವಿಟೆಲಿಯಸ್, ವೆಸ್ಪೇಸಿಯನ್ ಸಿಕ್ಕಾಯ್ತು, ಓಥೋ ಒಬ್ಬ ಬಾಕಿ. ಒಬ್ಬ ಡೀಲರ್ ಹತ್ರ ಒಂದಿದೆ, ತುಂಬಾ ಸವೆದಿದೆ, ಹಿಂದುಗಡೆ ನಿಂತಿರೋ ಹೆಣ್ಣಿನ ಆಕೃತಿ ಮಸುಕು ಮಸುಕಾಗಿ ಕಾಣತ್ತೆ ಅಷ್ಟೆ. ತಗೊಳ್ಲಾ, ಇಲ್ಲ ದುಡ್ಡು ಕೂಡಿಸಿ ಒಳ್ಳೇದಕ್ಕೆ ಕಾಯ್ಲಾ? (ಮ್ಯೂನಿಕ್‌ನ ಓದುಗರು)

ಉತ್ತರ: ಮುಖ ಗುರುತು ಸಿಗತ್ತಾ, ಹೆಸರಿನ ಎರಡು ಅಕ್ಷರ ಆದ್ರೂ ಉಳಿದಿದೆಯಾ? ಎರಡಕ್ಕೂ ಹೌದು ಅಂದ್ರೆ, ನಾಣ್ಯ ಅಸಲಿ ಅಂತ ಖಾತ್ರಿ ಆದ್ರೆ, ತಗೊಂಬಿಡಿ, ನನಗಂತೂ ಇದ್ರಲ್ಲಿ ಅನುಮಾನಾನೇ ಇಲ್ಲ. ಓಥೋ ಪಟ್ಟಕ್ಕೆ ಬಂದಿದ್ದು 69ರ ಜನವರಿ 15ಕ್ಕೆ, ಗಾಲ್ಬಾನ ಕೊಲೆ ಮಾಡಿಸಿ. ಬೆಡ್ರಿಯಾಕಂ ಯುದ್ಧದಲ್ಲಿ ವಿಟೆಲಿಯಸ್ ಕಡೆಯವರಿಗೆ ಸೋತು, ಏಪ್ರಿಲ್ 16ಕ್ಕೆ ತಾನೇ ಪ್ರಾಣ ತಗೊಂಡ, ಇನ್ನೂ 37 ತುಂಬಿರ್ಲಿಲ್ಲ. ಮೂರೇ ತಿಂಗಳು. ಮೇಲಾಗಿ ರೋಮ್‌ನ ಟಂಕಸಾಲೆಯಲ್ಲಿ ಅವನ ಹೆಸರಲ್ಲಿ ಚಿನ್ನ, ಬೆಳ್ಳಿ ಬಿಟ್ರೆ ತಾಮ್ರ, ಹಿತ್ತಾಳೆ ನಾಣ್ಯ ಹೊಡೀಲೇ ಇಲ್ಲ. ಹಾಗಾಗಿ ಸೆಟ್ ಮಾಡೋರೆಲ್ಲ ಅದೇ ಡಿನೇರಿಯಸ್ ಹಿಂದೆ ಬೀಳ್ತಾರೆ, ಸವೆದಿದ್ದಕ್ಕೂ ರೇಟು ಗಾಲ್ಬಾ, ವಿಟೆಲಿಯಸ್‌ಗಿಂತ ಬಹಳ ಮೇಲಿರತ್ತೆ, ಚೆನ್ನಾಗಿರೋದು ಬೇಕು ಅಂತ ಕೂತ್ರೆ ಎಷ್ಟೋ ಜನಕ್ಕೆ ಸೆಟ್ ಮುಗಿಯೋದೇ ಇಲ್ಲ.

ಈಗ ಗುರುತು ಹಿಡಿಯೋ ವಿಷಯ. ಓಥೋ ತಲೇಲಿ ಕೂದಲು ಕಮ್ಮಿ ಇತ್ತು, ಗೊತ್ತೇ ಆಗದ ಹಾಗೆ ಕೂರೋ ವಿಗ್ ಹಾಕ್ತಿದ್ದ ಅಂತ ರೋಮನ್ ಚರಿತ್ರೆಕಾರ ಸ್ವೆಟೋನಿಯಸ್ ಬರೆದಿದಾನೆ, ನಾಣ್ಯದಲ್ಲೂ ಹಂಗೇ ಕೂದಲು ಸಾಲು ಸಾಲಾಗಿ ಅಲೆಅಲೆಯಾಗಿ ನೀಟಾಗಿ ಕೂತಿರತ್ತೆ, ಗಡ್ಡ ಇಲ್ಲ. ಎಷ್ಟೇ ಸವೆದ್ರೂ ಆ ತಲೆಯ ಔಟ್‌ಲೈನ್ ಉಳಿಯತ್ತೆ. ಗಾಲ್ಬಾ ಆದ್ರೆ ಎಪ್ಪತ್ತರ ಮುದುಕ, ಕೊಕ್ಕಿನಂಥ ಮೂಗು, ಸುಕ್ಕುಗಟ್ಟಿದ ಕತ್ತು. ವಿಟೆಲಿಯಸ್‌ಗೆ ಮುಖಕ್ಕಿಂತ ಗಲ್ಲದ ಕೆಳಗಿನ ಮಾಂಸವೇ ದಪ್ಪ. ಮೂವರನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ತಪ್ಪು ಆಗೋ ಚಾನ್ಸ್ ಕಮ್ಮಿ. ಹೆಸರಲ್ಲಿ ಓ-ಟಿ-ಎಚ್-ಓ ಅನ್ನೋ ನಾಲ್ಕು ಅಕ್ಷರದಲ್ಲಿ ಮಧ್ಯದ ಟಿ, ಎಚ್ ಅಕ್ಕಪಕ್ಕ ಉಳಿದಿದ್ರೆ ಸಾಕು, ಆ ವರ್ಷದ ಬೇರೆ ಮೂವರ ಹೆಸರಲ್ಲಿ ಆ ಜೋಡಿ ಬರೋದೇ ಇಲ್ಲ. ರೂಮಿನ ಲೈಟ್ ಆರಿಸಿ, ಒಂದೇ ಟೇಬಲ್ ಲ್ಯಾಂಪನ್ನ ಪಕ್ಕದಲ್ಲಿ ತಗ್ಗಿಸಿಟ್ಟು, ನಾಣ್ಯನ ಬೆರಳಲ್ಲಿ ಅಂಚು ಹಿಡ್ಕೊಂಡು ನಿಧಾನಕ್ಕೆ ತಿರುಗಿಸಿ. ಮೇಲಿಂದ ನೋಡಿದಾಗ ಇಲ್ಲವೇ ಇಲ್ಲ ಅನ್ಸಿದ ಅಕ್ಷರ ಒಂದು ಕೋನದಲ್ಲಿ ನೆರಳಾಗಿ ಎದ್ದು ಬರತ್ತೆ, ಇನ್ನೊಂದು ಚೂರು ತಿರುಗಿಸಿದ್ರೆ ಮಾಯ. ಹಿಂದುಗಡೆ ನಿಂತ ಹೆಣ್ಣಿನ ಕೈಯಲ್ಲಿ ಮಾಲೆ, ಇನ್ನೊಂದು ಕೈಯಲ್ಲಿ ರಾಜದಂಡ ಕಂಡ್ರೆ ಅದು ಸೆಕ್ಯುರಿಟಾಸ್, ಅಂದ್ರೆ ರೋಮನ್ ಜನರ ಭದ್ರತೆಯ ದೇವತೆ, ಓಥೋ ಬೆಳ್ಳಿಯಲ್ಲಿ ಅತಿ ಹೆಚ್ಚು ಸಿಗೋ ಚಿತ್ರ ಇದೇ. ಊರೊಳಗೆ ಕೊಲೆ, ಹೊರಗೆ ರೈನ್ ನದಿ ಕಡೆಯಿಂದ ಸೈನ್ಯ ಇಳಿದು ಬರ್ತಿದೆ, ಅಂಥ ಟೈಮಲ್ಲಿ ಜನರ ಕೈಗೆ ಹೋಗೋ ದುಡ್ಡಿನ ಮೇಲೆ "ಭದ್ರತೆ" ಅಂತ ಬರೆಸಿದಾನೆ ಅಂದ್ರೆ ಅವನಿಗೆ ಏನು ಬೇಕಿತ್ತು ಅನ್ನೋದು ಗೊತ್ತಾಗತ್ತೆ, ನನಗೆ ಆ ನಾಣ್ಯ ಇಷ್ಟ ಆಗೋದೇ ಅದಕ್ಕೆ.

ಪ್ರಶ್ನೆ: ಸವೆದ ನಾಣ್ಯ ಅಂತ ಹೇಳಿ ನಕಲಿ ಅಂಟಿಸಿಬಿಟ್ರೆ? ಸವೆದಿದ್ರಲ್ಲಿ ಗೊತ್ತಾಗೋದು ಹೆಂಗೆ? (ಮೈಸೂರು)

ಉತ್ತರ: ಬಹಳ ಒಳ್ಳೆ ಪ್ರಶ್ನೆ. ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯದಲ್ಲಿ ಮೊದಲು ಹೋಗೋದು ಉಬ್ಬಿದ ಜಾಗ: ಕಿವಿ ಮೇಲಿನ ಕೂದಲು, ಕೆನ್ನೆ, ಹಿಂದುಗಡೆ ದೇವತೆಯ ತೊಡೆ, ಹೊಟ್ಟೆ. ಆದ್ರೆ ಅಕ್ಷರದ ಬುಡ, ಮೂಗಿನ ಪಕ್ಕದ ಮೂಲೆ ಇಂಥ ತಗ್ಗಿನ ಜಾಗದಲ್ಲಿ ಅಚ್ಚಿನ ಗೆರೆ ಇನ್ನೂ ಚೂಪಾಗೇ ಇರತ್ತೆ. ಅಚ್ಚಲ್ಲಿ ಎರಕ ಹೊಯ್ದ ನಕಲಿ ಹಂಗಲ್ಲ, ಅದ್ರಲ್ಲಿ ಉಬ್ಬು, ತಗ್ಗು ಎಲ್ಲಾ ಒಂದೇ ಥರ ಮೆತ್ತಗೆ ಕಾಣತ್ತೆ, ಬಳಸಿ ಸವೆದ ಸೋಪಿನ ಹಾಗೆ, ಜೊತೆಗೆ ಅಕ್ಷರದ ಸಂದಿಯಲ್ಲಿ ಗಾಳಿಗುಳ್ಳೆಯ ಸಣ್ಣ ಸಣ್ಣ ತೂತು, ಅಂಚಲ್ಲಿ ಸುತ್ತ ಒಂದು ಗೆರೆ ಅಥವಾ ಅದನ್ನ ಅರದಿಂದ ಉಜ್ಜಿ ತೆಗೆದ ಗುರುತು. ಹತ್ತು ಪಟ್ಟು ದೊಡ್ಡದು ಮಾಡೋ ಲೂಪ್ ಒಂದು ತಗೊಳ್ಳಿ, ಅದಿಲ್ಲದೆ ಈ ಹವ್ಯಾಸಕ್ಕೆ ಇಳೀಬೇಡಿ.

ಆಮೇಲೆ ತೂಕ. ಚಕ್ರವರ್ತಿ ನೀರೋ ಕ್ರಿ.ಶ. 64ರಲ್ಲಿ ಒಂದು ರೋಮನ್ ಪೌಂಡ್ ಬೆಳ್ಳಿಗೆ 96 ಡಿನೇರಿಯಸ್ ಅಂತ ಮಾಡಿದ, ಅದಕ್ಕೂ ಮುಂಚೆ 84 ಇತ್ತು. ಅಂದ್ರೆ 69ರ ನಾಣ್ಯ ಹೊಸದರಲ್ಲಿ ಸುಮಾರು 3.4 ಗ್ರಾಂ, ಚೆನ್ನಾಗಿ ಸವೆದ್ರೆ 3 ಗ್ರಾಂ ಆಸುಪಾಸಿಗೆ ಇಳಿದಿದ್ರೆ ಗಾಬರಿ ಬೇಡ. ಸವೆತ ಕಮ್ಮಿ ಇದ್ದೂ ತೂಕ ತೀರಾ ಕಮ್ಮಿ ಬಂದ್ರೆ ಮಾತ್ರ ಯೋಚನೆ ಮಾಡಿ, ಒಳಗೆ ತಾಮ್ರ ಇಟ್ಟು ಮೇಲೆ ಬೆಳ್ಳಿ ಹೊದಿಸಿದ್ದಿರಬಹುದು. ಅಂಥವನ್ನ ಆ ಕಾಲದ ಖೋಟಾ ಮಾಡೋರೇ ಮಾಡಿದ್ರು, ಎರಡು ಸಾವಿರ ವರ್ಷ ಹಳೇದು ಹೌದು, ಅದನ್ನ ಹುಡುಕಿ ಕೂಡಿಸೋರೂ ಇದಾರೆ, ಆದ್ರೆ ಬೆಳ್ಳಿ ನಾಣ್ಯದ ರೇಟು ಕೊಡಬಾರದು. ಎಲ್ಲಕ್ಕಿಂತ ಮೊದಲು ಅಮೆರಿಕನ್ ನ್ಯುಮಿಸ್ಮ್ಯಾಟಿಕ್ ಸೊಸೈಟಿಯವರು ಫ್ರೀಯಾಗಿ ಇಟ್ಟಿರೋ ಆನ್‌ಲೈನ್ ಕ್ಯಾಟಲಾಗ್‌ನಲ್ಲಿ ಮ್ಯೂಸಿಯಂ ನಾಣ್ಯಗಳ ಫೋಟೋ ನೋಡಿ ನೋಡಿ ಕಣ್ಣಿಗೆ ಅಭ್ಯಾಸ ಮಾಡ್ಕೊಳ್ಳಿ.

ಪ್ರಶ್ನೆ: ಮೂರು ತಿಂಗಳು ಆಳಿದವನ ನಾಣ್ಯ ಇಷ್ಟೊಂದು ಸವೆಯೋಕೆ ಹೇಗೆ ಸಾಧ್ಯ? (ಹುಬ್ಬಳ್ಳಿ)

ಉತ್ತರ: ದೊರೆ ಹೋದ, ದುಡ್ಡು ಉಳೀತು. ಬೆಳ್ಳಿಗೆ ಬೆಲೆ ಇರೋ ತನಕ ಮೇಲೆ ಯಾರ ಮುಖ ಇದೆ ಅನ್ನೋದು ಸಂತೆಯಲ್ಲಿ ಯಾರಿಗೂ ಬೇಕಿರ್ಲಿಲ್ಲ. 69ರ ನಾಣ್ಯ ನೂರು ವರ್ಷ ದಾಟಿ, ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಕಾಲದವರೆಗೂ ಚಲಾವಣೆಯಲ್ಲಿತ್ತು. ಅವನು ಬಂದು ಡಿನೇರಿಯಸ್‌ನ ಬೆಳ್ಳಿಯನ್ನ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸಿದ ಮೇಲೆ ಜನ ಹಳೇ ಒಳ್ಳೆ ಬೆಳ್ಳಿಯನ್ನ ಎತ್ತಿಟ್ಕೊಂಡ್ರು, ಕರಗಿಸಿದ್ರು. ಹೆಚ್ಚು ಸವೆದು ಹೋಗಿರೋದು ಬೇಕಾದ್ರೆ ರೋಮನ್ ಸೇನಾಪತಿ ಮಾರ್ಕ್ ಆಂಟನಿ ಕ್ರಿ.ಪೂ. 32–31ರಲ್ಲಿ ತನ್ನ ಸೈನ್ಯಕ್ಕೆ ಹೊಡೆಸಿದ ಹಡಗಿನ ಚಿತ್ರದ ನಾಣ್ಯ ನೋಡಿ, ಅದ್ರಲ್ಲಿ ಬೆಳ್ಳಿ ಕಮ್ಮಿ ಅಂತ ಗೊತ್ತಿದ್ದಕ್ಕೆ ಯಾರೂ ಕರಗಿಸ್ಲಿಲ್ಲ, ಇನ್ನೂರು ವರ್ಷ ಓಡಾಡಿ ಹಡಗು ಒಂದು ಗೀಟಾಗಿಬಿಟ್ಟಿದೆ. ಹೊಳಪಿರೋ ನಾಣ್ಯ ಮಡಕೆಯಲ್ಲಿ ಹೂತಿದ್ದ ನಾಣ್ಯ, ಸವೆದ ನಾಣ್ಯ ರೊಟ್ಟಿ, ವೈನು, ಸಿಪಾಯಿ ಸಂಬಳ ಎಲ್ಲಾ ನೋಡಿ ಬಂದಿದ್ದು. ನಾನು ಎರಡನೇದನ್ನೇ ಆರಿಸ್ತೀನಿ.

ಪ್ರಶ್ನೆ: ಚಕ್ರವರ್ತಿ ಪಟ್ಟನೇ ಹರಾಜಾಗಿತ್ತಂತೆ, ನಿಜಾನಾ? ಆ ದೊರೆಯ ನಾಣ್ಯ ಸಿಗತ್ತಾ? (ಶಿವಮೊಗ್ಗ)

ಉತ್ತರ: ನಿಜ. 193ನೇ ಇಸವಿ. ಪರ್ಟಿನಾಕ್ಸ್ ಅನ್ನೋ ಮುದುಕ ಜನವರಿ 1ಕ್ಕೆ ಪಟ್ಟಕ್ಕೆ ಬಂದು, ನಾಣ್ಯದಲ್ಲಿ ಬೆಳ್ಳಿ ಜಾಸ್ತಿ ಮಾಡಿ, ಅಂಗರಕ್ಷಕ ಪಡೆಗೆ ಶಿಸ್ತು ತರೋಕೆ ಹೋದ, ಮಾರ್ಚ್ 28ಕ್ಕೆ ಅವರೇ ಕೊಂದ್ರು. ಆಮೇಲೆ ಅವರ ಶಿಬಿರದ ಒಳಗಿಂದ ಪರ್ಟಿನಾಕ್ಸ್‌ನ ಮಾವ, ಹೊರಗಿಂದ ಡಿಡಿಯಸ್ ಜೂಲಿಯಾನಸ್ ಕೂಗಿ ಕೂಗಿ ರೇಟು ಏರಿಸಿದ್ರು, 20,000 ಸೆಸ್ಟರ್ಸ್‌ಗೆ ನಿಂತಿದ್ದಾಗ ಜೂಲಿಯಾನಸ್ ಕೈಬೆರಳಲ್ಲೂ ತೋರಿಸ್ತಾ ಒಂದೇ ಸಲಕ್ಕೆ ಐದು ಸಾವಿರ ಏರಿಸಿ ತಲೆಗೆ 25,000 ಅಂತ ಗೆದ್ದ ಅಂತ ಆಗ ಬದುಕಿದ್ದ ಚರಿತ್ರೆಕಾರ ಕ್ಯಾಸಿಯಸ್ ಡಿಯೋ ಬರೆದಿದಾನೆ. ನಾಲ್ಕು ಸೆಸ್ಟರ್ಸ್‌ಗೆ ಒಂದು ಡಿನೇರಿಯಸ್, ಅಂದ್ರೆ ಒಬ್ಬ ಸೈನಿಕನಿಗೆ 6,250 ಡಿನೇರಿಯಸ್! ಅವನೂ ಜೂನ್ ಶುರುವಲ್ಲೇ ಸತ್ತ. ಇಬ್ಬರ ನಾಣ್ಯನೂ ಸಿಗತ್ತೆ, ಆದ್ರೆ ದುಬಾರಿ, ಹೊಸಬರು ಅಲ್ಲಿಂದ ಶುರು ಮಾಡೋದು ಬೇಡ ಅಂತ ನನ್ನ ಮಾತು. 217–218ರಲ್ಲಿ ಆಳಿದ ಮ್ಯಾಕ್ರಿನಸ್‌ನ ನಾಣ್ಯ ಇದ್ದುದ್ರಲ್ಲಿ ಕೈಗೆಟುಕತ್ತೆ. ಅವನ ಮಗ ಡಯಾಡುಮೆನಿಯನ್, ಒಂಬತ್ತು ವರ್ಷದ ಹುಡುಗ, ಅಪ್ಪ ಪಟ್ಟ ಕಳ್ಕೊಂಡಾಗ ಅವನೂ ಕೊಲೆಯಾದ, ಸೈನ್ಯದ ಧ್ವಜಗಳ ಮಧ್ಯೆ ಅವನು ನಿಂತಿರೋ ಡಿನೇರಿಯಸ್ ನೋಡಿದಾಗೆಲ್ಲ ಸಂಕಟ ಆಗತ್ತೆ.

ಪ್ರಶ್ನೆ: ನಮ್ಮ ಕಡೆ ಹೊಲದಲ್ಲಿ ಇಂಥವು ಸಿಗಬಹುದಾ ಸರ್? (ಚಿತ್ರದುರ್ಗ)

ಉತ್ತರ: ನಿಮ್ಮೂರ ಪಕ್ಕದ ಚಂದ್ರವಳ್ಳಿಯಲ್ಲೇ ರೋಮನ್ ಬೆಳ್ಳಿ ಸಿಕ್ಕಿದೆಯಲ್ಲ, ಬೆಂಗಳೂರಿನ ಯಶವಂತಪುರದಲ್ಲೂ. ಆದ್ರೆ ದಕ್ಷಿಣ ಭಾರತದ ನಿಧಿಗಳಲ್ಲಿ ಬರೋ ಡಿನೇರಿಯಸ್ ಬಹುಪಾಲು ಅಗಸ್ಟಸ್ ಮತ್ತು ಟೈಬೀರಿಯಸ್‌ದು. ನೀರೋ ತೂಕ ಇಳಿಸಿದ ಮೇಲಿನ ಬೆಳ್ಳಿ ಇಲ್ಲಿ ಬಲು ಅಪರೂಪ, ಹಾಗಾಗಿ ನಮ್ಮ ಹೊಲದಲ್ಲಿ ಓಥೋನ ಹುಡುಕೋದು ಬೇಡ. ಏನೇ ಸಿಕ್ಕಿದ್ರೂ 1962ರ ಕರ್ನಾಟಕ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸ್ಲೇಬೇಕು, ಮುಚ್ಚಿಟ್ರೆ ಅಪರಾಧ. ಮತ್ತೆ ಸಿಕ್ಕ ಜಾಗ, ಮಡಕೆ ಚೂರು, ಎಷ್ಟು ಆಳದಲ್ಲಿತ್ತು ಅನ್ನೋದೇ ಅದ್ರ ಅರ್ಧ ಇತಿಹಾಸ, ದಯವಿಟ್ಟು ಅಗೆದು ಕದಲಿಸಬೇಡಿ.

ಪ್ರಶ್ನೆ: ಕಪ್ಪಾಗಿರೋ ಡಿನೇರಿಯಸ್‌ನ ಹುಣಸೆಹಣ್ಣು ಹಾಕಿ ಉಜ್ಜಬಹುದಾ? (ಉಡುಪಿ)

ಉತ್ತರ: ಬೇಡವೇ ಬೇಡ! ಹುಣಸೆಹಣ್ಣು, ಟೂತ್‌ಪೇಸ್ಟ್, ಪಾತ್ರೆ ಪುಡಿ, ಯಾವುದೂ ಬೇಡ. ಸವೆದ ನಾಣ್ಯದಲ್ಲಿ ಓದೋಕೆ ಸಹಾಯ ಮಾಡೋದೇ ಆ ಕಪ್ಪು, ತಗ್ಗಲ್ಲಿ ಕಪ್ಪು ಕೂತಿರೋದ್ರಿಂದ ಅಕ್ಷರ ಎದ್ದು ಕಾಣತ್ತೆ, ಉಜ್ಜಿದ್ರೆ ಇರೋ ನಾಲ್ಕು ಅಕ್ಷರನೂ ಹೋಯ್ತು. ಮಣ್ಣಿದ್ರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ಅಂಟಿದ್ರೆ ಶುದ್ಧ ಅಸಿಟೋನ್, ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ತಿಕ್ಕಬೇಡಿ. ಹಳೇ ಬೆಳ್ಳಿ ಒಳಗೊಳಗೇ ಪೆಡಸಾಗಿರತ್ತೆ, ಕೆಳಗೆ ಬಿದ್ರೆ ಬಿಸ್ಕೆಟ್ ಥರ ಎರಡು ತುಂಡಾಗಿದ್ದುಂಟು, ಅದಕ್ಕೆ ನೋಡುವಾಗ ಕೆಳಗೊಂದು ದಪ್ಪ ಟವೆಲ್ ಹಾಸ್ಕೊಳ್ಳಿ. ಪಿವಿಸಿ ಕವರ್‌ನಲ್ಲಿ ಇಟ್ಟಿದ್ರೆ ಇವತ್ತೇ ತೆಗೀರಿ, ಅದು ಹಸಿರು ಅಂಟು ಬಿಟ್ಟು ಬೆಳ್ಳಿಯನ್ನ ತಿನ್ನತ್ತೆ.