ಮಂತ್ರ ಬಾಯಲ್ಲಿದೆ, ಒಳಗಿಲ್ಲ

ಪ್ರಶ್ನೆ: ಸಕಲೇಶಪುರದ ಕಡೆಯ ಹಳ್ಳಿಯಲ್ಲಿ ಅರ್ಚಕ. ವಯಸ್ಸು 38. ಅಪ್ಪನಿಂದ ಬಂದ ಪೂಜೆ. ಎರಡು ವರ್ಷದ ಹಿಂದೆ ನಮ್ಮೂರಿನ ಕಾಫಿ ಬೆಳೆಗಾರರೊಬ್ಬರ ಮಗ ಹಾಸನದ ಆಸ್ಪತ್ರೆಯಲ್ಲಿದ್ದ. 11 ವರ್ಷದ ಹುಡುಗ. ಮೃತ್ಯುಂಜಯ ಹೋಮ ಮಾಡಿಸಿದರು. 'ಏನೂ ಆಗಲ್ಲ, ಧೈರ್ಯವಾಗಿರಿ' ಅಂದೆ. ಮೂರನೇ ದಿನ ಹುಡುಗ ತೀರಿಕೊಂಡ. ತಿಂಗಳಾದ ಮೇಲೆ ಆ ತಂದೆ ನಮ್ಮನೆಗೆ ಬಂದು ಹೋಮದ ಬಾಕಿ ದಕ್ಷಿಣೆ ಕೊಟ್ಟುಹೋದರು. ತಗೊಂಡೆ. ಅವತ್ತಿನಿಂದ ಮಂತ್ರ ಬಾಯಲ್ಲಿದೆ, ಒಳಗಿಲ್ಲ. ರಾತ್ರಿ ನಿದ್ದೆ ಬರಲ್ಲ. ಅದೇ ದೇವರಿಗೆ ನಲವತ್ತು ವರ್ಷ ಪೂಜೆ ಮಾಡಿದ ಅಪ್ಪನ ನಂಬಿಕೆ ಅಲುಗಿಲ್ಲ. ನನಗೆ ಮಾತ್ರ ಯಾಕೆ ಹೀಗೆ? ಹೆಂಡತಿಗೂ ಹೇಳಿಲ್ಲ. ಊರಿಗೆ ದಿನಾ ಮೋಸ ಮಾಡುತ್ತಿದ್ದೀನಾ? ಪೂಜೆ ಬಿಟ್ಟುಬಿಡಲಾ?

ಉತ್ತರ: ಭಟ್ರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಆ ಬಾಕಿ ದಕ್ಷಿಣೆಯ ಹತ್ತಿರ ಬಂದು ನಿಂತೆ. ಮಗನನ್ನು ಕಳೆದುಕೊಂಡ ಅಪ್ಪ ನೋಟು ಮಡಿಸಿಕೊಂಡು ನಿಮ್ಮ ಜಗುಲಿ ಹತ್ತಿದ್ದಾರೆ. ನೀವು ಕೈ ಚಾಚಿದ್ದೀರಿ. ಎರಡು ವರ್ಷದಿಂದ ಆ ಕೈ ನಿಮ್ಮನ್ನು ಸುಡುತ್ತಿದೆ, ಅಲ್ವಾ?

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಇದು ನಿಮಗೊಬ್ಬರಿಗೇ ಆಗಿದ್ದಲ್ಲ. ಅಮೆರಿಕದಲ್ಲಿ ತತ್ವಶಾಸ್ತ್ರಜ್ಞ ಡೇನಿಯಲ್ ಡೆನ್ನೆಟ್ ಮತ್ತು ಸಂಶೋಧಕಿ ಲಿಂಡಾ ಲಾಸ್ಕೋಲಾ ಅನ್ನುವವರು ನಂಬಿಕೆ ಹೋದ ಐದು ಜನ ಪಾದ್ರಿಗಳನ್ನು ಮಾತಾಡಿಸಿ 2010ರಲ್ಲಿ ಬರೆದರು. ಕೆಲವರಿಗೆ ಅನುಮಾನ ಶುರುವಾಗಿದ್ದು ಪಾದ್ರಿಯಾಗಲು ಓದುತ್ತಿದ್ದ ಕಾಲದಲ್ಲೇ, ಅದೂ ಧರ್ಮಗ್ರಂಥ ಹುಟ್ಟಿದ ಬಗೆಯನ್ನು ಪಾಠದಲ್ಲಿ ಓದುವಾಗ! ಆದರೂ ಆ ಕೆಲಸ ಬಿಡಲಿಲ್ಲ. ಸಂಸಾರ ಇದೆ, ಬೇರೆ ಕೆಲಸ ಗೊತ್ತಿಲ್ಲ, ನಂಬಿದವರಿಗೆ ನೋವಾಗಬಾರದು. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಒಂಟಿತನ. ಮರುವರ್ಷ, 2011ರಲ್ಲಿ, ಇಂಥವರು ಗುಟ್ಟಾಗಿ ಮಾತಾಡಿಕೊಳ್ಳಲೆಂದೇ ಕ್ಲರ್ಜಿ ಪ್ರಾಜೆಕ್ಟ್ ಅನ್ನುವ ಗುಂಪು ಹುಟ್ಟಿತು.

ಇನ್ನೂ ಇಬ್ಬರನ್ನು ನೆನೆಯುತ್ತೇನೆ. ಫ್ರಾನ್ಸಿನ ಎತ್ರೆಪಿನ್ಯಿ ಅನ್ನುವ ಹಳ್ಳಿಯಲ್ಲಿ ಝಾನ್ ಮೆಸ್ಲಿಯೆ ಅಂತ ಒಬ್ಬ ಪಾದ್ರಿ ಇದ್ದ. ಸುಮಾರು 40 ವರ್ಷ ಪೂಜೆ ಸಲ್ಲಿಸಿದ. 1729ರಲ್ಲಿ ಸತ್ತ ಮೇಲೆ ಅವನು ಬರೆದಿಟ್ಟ ಹಸ್ತಪ್ರತಿ ಸಿಕ್ಕಿತು. ದೇವರಿಲ್ಲ ಅಂತ ಬರೆದಿದ್ದ. ಬದುಕಿರುವ ತನಕ ಊರಿಗೆ ಹೇಳಲಿಲ್ಲ. ಇನ್ನೊಬ್ಬರು ಮದರ್ ತೆರೇಸಾ. ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಅಚ್ಚಾದಾಗ ಜಗತ್ತಿಗೆಲ್ಲ ಗೊತ್ತಾಗಿದ್ದು, ಹತ್ತಿರಹತ್ತಿರ 50 ವರ್ಷ ಅವರಿಗೆ ಒಳಗೆ ದೇವರು ಇದ್ದಾನೆ ಅಂತಲೇ ಅನ್ನಿಸಿರಲಿಲ್ಲ. ಕತ್ತಲೆ ಅಂತ ಬರೆದುಕೊಂಡಿದ್ದರು. ಆದರೂ ನಂಬಿಕೆ ಬಿಡಲಿಲ್ಲ. ಆ ಪತ್ರಗಳು ಹೋಗಿದ್ದು ಯಾರಿಗೆ ಹೇಳಿ? ಅವರು ನಂಬಿದ ಕೆಲವು ಗುರುಗಳಿಗೆ. ಜೋಸೆಫ್ ನಾಯ್ನರ್ ಅನ್ನುವ ಗುರುಗಳ ಹತ್ತಿರ 1961ರಲ್ಲಿ ಮನಸ್ಸು ಬಿಚ್ಚಿದ ಮೇಲೆ ಆ ಕತ್ತಲೆಯ ಜೊತೆಗೇ ಬದುಕಲು ಅವರಿಗೆ ಸಾಧ್ಯವಾಯಿತು. ಹೇಳಿಕೊಂಡರೆ ನಂಬಿಕೆ ವಾಪಸ್ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಹೇಳಿಕೊಳ್ಳದೆ ನಲವತ್ತು ವರ್ಷ ದೂಡುವುದು ನರಕ.

ಇನ್ನು ನಿಮ್ಮ ಅಪ್ಪನ ವಿಷಯ. ಒಬ್ಬರ ನಂಬಿಕೆ ಉಳಿದು ಇನ್ನೊಬ್ಬರದು ಹೋಗಲು ಒಂದೇ ಕಾರಣ ಇರುವುದಿಲ್ಲ. ಓದು, ಸ್ವಭಾವ, ಬಿದ್ದ ಪೆಟ್ಟು ಎಲ್ಲ ಸೇರಿರುತ್ತವೆ. ಆದರೆ ಬೇಲೂರಿನ ಹತ್ತಿರ ನನ್ನ ತವರಿನಲ್ಲಿ ಒಬ್ಬ ಹಿರಿಯ ಅರ್ಚಕರಿದ್ದರು. ನನ್ನ ತಮ್ಮ ಕೆರೆಯಲ್ಲಿ ಹೋದ ದಿನ ಅವರು ಬಂದರು. ಪಂಚಾಂಗ ತೆಗೆಯಲಿಲ್ಲ. ಅಮ್ಮನ ಎದುರು ನೆಲದ ಮೇಲೆ ಕೂತರು. ಬಹಳ ಹೊತ್ತಾದ ಮೇಲೆ, 'ಯಾಕೆ ಹೀಗಾಯ್ತೋ ನಂಗೂ ಗೊತ್ತಿಲ್ಲ ಕಣಮ್ಮಾ' ಅಂದರು. ಮಾರನೇ ದಿನ ಎಂದಿನಂತೆ ಗುಡಿಯ ಬಾಗಿಲು ತೆಗೆದರು. ನನಗೆ ಅನ್ನಿಸುವುದು, ಅವರು ಯಾವತ್ತೂ ದೇವರ ಪರವಾಗಿ ಜಾಮೀನು ನಿಂತವರಲ್ಲ. ನೀವು ನಿಂತಿರಿ. ಪ್ರೀತಿಯಿಂದಲೇ ನಿಂತಿರಿ. ಸಾಲ ತೀರದಿದ್ದರೆ ಸಿಕ್ಕಿಬೀಳುವವನು ಜಾಮೀನುದಾರ ತಾನೇ? ಅಪ್ಪನನ್ನು ಒಂದು ಸಂಜೆ ಕೇಳಿ ನೋಡಿ: 'ನಿಮಗೆ ಯಾವತ್ತಾದರೂ ಹೀಗಾಗಿತ್ತಾ?' ಅಲುಗಿಲ್ಲ ಅಂತ ನೀವು ಅಂದುಕೊಂಡಿದ್ದೀರಿ, ಕೇಳಿಲ್ಲ.

ಮೋಸ ಮಾಡುತ್ತಿದ್ದೀನಾ ಅಂತ ಕೇಳಿದ್ದೀರಿ. ಬೆಳಿಗ್ಗೆ ಎದ್ದು ಗರ್ಭಗುಡಿ ತೊಳೆದು, ಮಳೆಗಾಲದ ತೇವಕ್ಕೆ ಹತ್ತಿಕೊಳ್ಳದ ಬತ್ತಿಯನ್ನು ಮತ್ತೆ ಮತ್ತೆ ತುಪ್ಪದಲ್ಲಿ ಅದ್ದಿ ಹಚ್ಚುತ್ತೀರಿ. ಬಂದ ಅಜ್ಜಿಯ ಅಂಗೈಗೆ ತೀರ್ಥ ಹಾಕುತ್ತೀರಿ. ಇದರಲ್ಲಿ ಮೋಸ ಎಲ್ಲಿದೆ? ನೀವು ಹೇಳುವ ಮಂತ್ರಗಳಲ್ಲೇ ಅನುಮಾನಕ್ಕೆ ಜಾಗ ಇದೆ. ಋಗ್ವೇದದ ನಾಸದೀಯ ಸೂಕ್ತ ಮುಗಿಯುವುದು ಹೇಗೆ? ಈ ಸೃಷ್ಟಿ ಎಲ್ಲಿಂದ ಬಂತು ಅನ್ನುವುದು ಮೇಲಿಂದ ನೋಡುವವನಿಗೆ ಗೊತ್ತಿರಬಹುದು, ಇಲ್ಲ ಅವನಿಗೂ ಗೊತ್ತಿಲ್ಲದಿರಬಹುದು ಅಂತ.

ಆದರೆ ನಂಬಿಕೆಯಿಲ್ಲದೆ ದುಡ್ಡು ತಗೊಂಡು, 'ಈ ಶಾಂತಿ ಮಾಡಿಸಿ, ಎಲ್ಲ ಸರಿಹೋಗುತ್ತದೆ' ಅಂದರೆ ಅದು ಮೋಸವೇ. ಅದನ್ನು ಇವತ್ತೇ ನಿಲ್ಲಿಸಿ. 'ಆಸ್ಪತ್ರೆಗೆ ಹೋಗಿ, ನಾನೂ ಪ್ರಾರ್ಥನೆ ಮಾಡುತ್ತೇನೆ' ಅನ್ನುವುದೂ ಈಗ ನಿಮ್ಮಿಂದ ಆಗದಿದ್ದರೆ, 'ನಾನೂ ಜೊತೆಗೆ ಬರುತ್ತೇನೆ' ಅನ್ನಿ. ಆದಾಯ ಕಡಿಮೆಯಾಗುತ್ತದೆ, ಗೊತ್ತು. ತಟ್ಟೆಕಾಸಿನಲ್ಲಿ ಮನೆ ನಡೆಯುವುದಿಲ್ಲ. ಅದಕ್ಕೇ ಹೆಂಡತಿಗೆ ಮೊದಲು ಹೇಳಿ. ಎರಡು ವರ್ಷದಿಂದ ಅವರು ಏನೂ ಗಮನಿಸಿಲ್ಲ ಅಂತ ನನಗಂತೂ ಅನ್ನಿಸುವುದಿಲ್ಲ.

ಪೂಜೆ ಬಿಡುವ ತೀರ್ಮಾನ ಈಗ ಬೇಡ. ನಿದ್ದೆಗೆಟ್ಟ ತಲೆಯಲ್ಲಿ ಅಂಥ ತೀರ್ಮಾನ ಮಾಡಬಾರದು. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಇದೆ, ಸಂಖ್ಯೆ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡಿ. ಒಂದು ವರ್ಷ ಕಳೆದ ಮೇಲೂ ಪೂಜೆ ಬಿಡಬೇಕು ಅನ್ನಿಸಿದರೆ ಬಿಡಿ, ಅದು ಪಾಪ ಅಲ್ಲ.

ಅದಕ್ಕೂ ಮೊದಲು ಆ ಬೆಳೆಗಾರರ ಮನೆಗೆ ಒಮ್ಮೆ ಹೋಗಿ. ಒಬ್ಬರೇ ಹೋಗಿ, ತಟ್ಟೆ ಪಂಚಪಾತ್ರೆ ಏನೂ ಬೇಡ. ದಕ್ಷಿಣೆ ವಾಪಸ್ ಕೊಡಬೇಡಿ, ಅವರಿಗೆ ನೋವಾಗುತ್ತದೆ. 'ಅವತ್ತು ಏನೂ ಆಗಲ್ಲ ಅಂದುಬಿಟ್ಟೆ, ಅನ್ನಬಾರದಿತ್ತು' ಅಂತ ಹೇಳಿ. ಆಮೇಲೆ ಆ ಹುಡುಗನ ಹೆಸರು ಹಿಡಿದು, ಅವನು ಹೇಗಿದ್ದ ಅಂತ ಕೇಳಿ. ಅವರು ಕಾಫಿ ತರಿಸಿದರೆ ಕುಡಿದು ಬನ್ನಿ.