ದಾಳ ಉರುಳಿಸಿ 1927ರ ಬೇಸ್‌ಬಾಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮೆರಿಕದಲ್ಲಿರುವ ಸಂಬಂಧಿಕರು 1927ರ ಅಮೆರಿಕನ್ ಲೀಗಿನ ಸ್ಟ್ರಾಟ್-ಓ-ಮ್ಯಾಟಿಕ್ (ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಕಾರ್ಡು ಇಟ್ಟು, ದಾಳ ಹಾಕಿ ಆಡುವ ಬೇಸ್‌ಬಾಲ್ ಆಟ) ಕಾರ್ಡು, ದಾಳ ತಂದುಕೊಟ್ಟಿದ್ದಾರೆ. ಇಡೀ ಸೀಸನ್ ಆಡುವ ಆಸೆ. ಹೇಗೆ ಶುರು ಮಾಡಲಿ? (ಮಣಿಪಾಲದ ಓದುಗರು)

ಉತ್ತರ: ಮೊದಲು ಲೆಕ್ಕ ಹಾಕಿ. ಎಂಟು ತಂಡ, ತಂಡಕ್ಕೆ 154 ಪಂದ್ಯ, ಒಟ್ಟು 616. ಕೈ ಪಳಗಿದ ಮೇಲೂ ಒಂದಕ್ಕೆ ಅರ್ಧ ಗಂಟೆ ಬೇಕು. ದಿನಕ್ಕೊಂದರಂತೆ ಇಪ್ಪತ್ತು ತಿಂಗಳು! ನೀವು ನ್ಯೂಯಾರ್ಕಿನ ಯಾಂಕೀಸ್ ತಂಡದ ಪಂದ್ಯಗಳನ್ನಷ್ಟೇ ಆಡಿ: ಏಳು ಎದುರಾಳಿಗಳು, ಪ್ರತಿಯೊಬ್ಬರ ಜೊತೆ 22. ಐದು ತಿಂಗಳಲ್ಲಿ ಮುಗಿಯುತ್ತದೆ. ಉಳಿದ ತಂಡಗಳು ತಮ್ಮತಮ್ಮಲ್ಲಿ ಆಡಿದ ಪಂದ್ಯಗಳಿಗೆ ಅಂದಿನ ಫಲಿತಾಂಶವನ್ನೇ ಇಟ್ಟುಕೊಳ್ಳಿ. ಯಾವ ದಿನ ಯಾರ ಜೊತೆ ಪಂದ್ಯ ಎಂಬುದು ರೆಟ್ರೋಶೀಟ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಮೂರು ದಾಳಗಳನ್ನು ಒಟ್ಟಿಗೇ ಹಾಕಿ. ಬೇರೆ ಬಣ್ಣದ್ದು ಕಾಲಂ ಹೇಳುತ್ತದೆ: 1, 2, 3 ಬಿದ್ದರೆ ಬ್ಯಾಟರ್ ಕಾರ್ಡು, 4, 5, 6 ಬಿದ್ದರೆ ಪಿಚರ್ (ಚೆಂಡು ಎಸೆಯುವವನು) ಕಾರ್ಡು. ಉಳಿದೆರಡರ ಮೊತ್ತವೇ ಸಾಲು. ಒಂದೇ ಸಾಲಿನಲ್ಲಿ ಎರಡು ಫಲಿತಾಂಶ ಇದ್ದರೆ 20 ಮುಖದ ದಾಳ ಬೇಕು. ಮೊದಲ ಐದಾರು ಪಂದ್ಯಗಳಿಗೆ ಸರಳ ನಿಯಮ ಸಾಕು.

ಪ್ರಶ್ನೆ: ನನ್ನ ಯಾಂಕೀಸ್ 90 ಪಂದ್ಯಗಳಲ್ಲಿ 76 ಗೆದ್ದಿದೆ. ಇಷ್ಟು ಗೆಲುವು ಸರಿಯೇ? (ಸುರತ್ಕಲ್‌ನ ಓದುಗರು)

ಉತ್ತರ: ಸರಿಯಲ್ಲ. ನಿಜವಾದ ತಂಡ ಗೆದ್ದದ್ದು 110, ಸೋತದ್ದು 44. ಆ ಪ್ರಮಾಣದಲ್ಲಿ 90ಕ್ಕೆ 64 ಆಗಬೇಕು. ಇಷ್ಟು ಅಂತರ ಬಂದರೆ ಒಳ್ಳೆಯ ಆಟಗಾರರ ಅತಿಬಳಕೆ ಆಗುತ್ತಿದೆ ಎಂದೇ ಮೊದಲು ಅನುಮಾನಿಸಿ. ಯಾಂಕೀಸ್ ಪಿಚರ್ ವಿಲ್ಸಿ ಮೂರ್‌ನನ್ನೇ ನೋಡಿ: ಆ ವರ್ಷ ಆತ 50 ಪಂದ್ಯಗಳಲ್ಲಿ ಎಸೆದದ್ದು 213 ಇನ್ನಿಂಗ್ಸ್ (ಬೇಸ್‌ಬಾಲ್‌ನಲ್ಲಿ ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್). ಕಷ್ಟ ಬಂದಾಗಲೆಲ್ಲ ಅವನ ಕಾರ್ಡೇ ಎತ್ತಿಕೊಂಡರೆ 300 ದಾಟುತ್ತದೆ, ಎದುರಾಳಿಗೆ ರನ್ನೇ ಹುಟ್ಟುವುದಿಲ್ಲ. ಅರ್ಧ ಸೀಸನ್ನಿಗೆ 106 ಇನ್ನಿಂಗ್ಸ್ ಎಂದು ಮಿತಿ ಬರೆದಿಡಿ. ಪೂರ್ತಿ ಪಂದ್ಯ ಎಸೆದವನಿಗೆ ಮೂರು ದಿನ ವಿಶ್ರಾಂತಿ.

ಬೆಂಚಿನವರ ಬಗ್ಗೆ ಇನ್ನೂ ಜಾಗ್ರತೆ ಬೇಕು. ನಿಜದಲ್ಲಿ 30 ಸಲ ಬ್ಯಾಟ್ ಹಿಡಿದು 12 ಹಿಟ್ ಹೊಡೆದವನ ಸರಾಸರಿ .400, ತಂಡದ ದೊಡ್ಡ ಬ್ಯಾಟರ್ ಲೂ ಗೆಹ್ರಿಗ್‌ನದು .373. ಕಾರ್ಡಿಗೆ ಅದು ಬರೀ 30 ಸಲದ ಅದೃಷ್ಟ ಎಂಬುದು ಗೊತ್ತಿಲ್ಲ. ಆದ್ದರಿಂದ ಅವನನ್ನು 30 ಸಲ, ಹೆಚ್ಚೆಂದರೆ 33 ಸಲ ಆಡಿಸಿ ನಿಲ್ಲಿಸಿ. ಎದುರಾಳಿ ತಂಡಕ್ಕೂ ಇದೇ ನಿಯಮ.

ಪ್ರಶ್ನೆ: ಸೀಸನ್ ಮುಗಿಯಿತು, ಯಾಂಕೀಸ್ ಬ್ಯಾಟರ್ ಬೇಬ್ ರೂತ್‌ಗೆ 51 ಹೋಮ್‌ರನ್ (ಕ್ರಿಕೆಟ್ಟಿನ ಸಿಕ್ಸರಿನಂಥ ಹೊಡೆತ) ಮಾತ್ರ. ನಿಜದಲ್ಲಿ ಹೊಡೆದಂತೆ 60 ಬರಬೇಕಿತ್ತಲ್ಲ? ದಾಳ ಸರಿ ಇಲ್ಲವೇ? (ಕುಂದಾಪುರದ ಓದುಗರು)

ಉತ್ತರ: ದಾಳವನ್ನು ಬೈಯುವ ಮೊದಲು ರೂತ್ ಎಷ್ಟು ಸಲ ಆಡಿದ ಎಂದು ಎಣಿಸಿ. ವಾಕ್ (ನಾಲ್ಕು ಕೆಟ್ಟ ಎಸೆತ ಬಿದ್ದಾಗ ಹೊಡೆಯದೆಯೇ ಸಿಗುವ ಮೊದಲ ಬೇಸ್) ಸೇರಿ 691 ಸಲ ಆಗಿರಬೇಕು. ಅಷ್ಟು ಆಡಿಸಿದ್ದರೂ ಮೂರು ಸೀಸನ್‌ಗಳಲ್ಲಿ ಎರಡರಲ್ಲಿ 53ರಿಂದ 67ರ ನಡುವೆ ಬರುತ್ತದೆ, ಒಂದರಲ್ಲಿ ಅದರಾಚೆ. 51 ಏನೂ ವಿಚಿತ್ರವಲ್ಲ. ಕಾರ್ಡು ಅಂದಿನ ಸಾಮರ್ಥ್ಯವನ್ನು ಕೊಡುತ್ತದೆ, ಅಂದಿನ ಫಲಿತಾಂಶವನ್ನಲ್ಲ. ಮರುಆಟ ಆಡುವುದೇ ಅದಕ್ಕಾಗಿ.

ಆದರೂ ಸಂಶಯವಿದ್ದರೆ ಕಾಲಂ ದಾಳವನ್ನು ಒಂಟಿಯಾಗಿ 120 ಸಲ ಹಾಕಿ ಗೀಟು ಎಳೆಯಿರಿ. ಒಂದು ಮುಖಕ್ಕೆ ಸುಮಾರು 20 ಬರಬೇಕು. 12ರಿಂದ 28ರವರೆಗೆ ಸಹಜ. ಒಂದೇ ಮುಖ 30 ದಾಟಿದರೆ ಇನ್ನೊಮ್ಮೆ 120 ಸಲ ಹಾಕಿ. ಮತ್ತೆ ಅದೇ ಮುಖ ದಾಟಿತೋ, ಆ ದಾಳವನ್ನು ಬದಿಗಿಡಿ.

ಪ್ರಶ್ನೆ: ಆಟಿಯ ಮಳೆಗೆ ಕಾರ್ಡುಗಳು ಬಾಗುತ್ತಿವೆ, ಬೂಸ್ಟು ಬರುತ್ತಿದೆ. (ಉಳ್ಳಾಲದ ಓದುಗರು)

ಉತ್ತರ: ಲ್ಯಾಮಿನೇಷನ್ ಬೇಡ. ತೇವ ಒಳಗೇ ಉಳಿಯುತ್ತದೆ, ಕಾರ್ಡು ದಪ್ಪವಾಗಿ ಹುಡುಕುವುದೂ ಕಷ್ಟ. ಬೂಸ್ಟನ್ನು ಒಣಬಟ್ಟೆಯಿಂದ ಒರೆಸಿ, ತಂಡವಾರು ರಬ್ಬರ್ ಬ್ಯಾಂಡ್ ಇಲ್ಲದೆ ಜೋಡಿಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು; ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸಿ. ಆಡುವಾಗ ಎರಡೂ ತಂಡಗಳ ಕಾರ್ಡು ಮಾತ್ರ ಹೊರಗಿರಲಿ. ಸ್ಕೋರನ್ನು ಪೆನ್ಸಿಲಿನಲ್ಲೇ ಬರೆಯಿರಿ, ಒದ್ದೆ ಕಾಗದದಲ್ಲಿ ಜೆಲ್ ಪೆನ್ನಿನ ಶಾಯಿ ಹರಡುತ್ತದೆ. ದಾಳಕ್ಕೆ ಹರಿವಾಣದೊಳಗೆ ಒಣ ಬೈರಾಸು ಹಾಸಿದರೆ ಸಾಕು.